ರೆಡಿ ಕೋಡ್ ಹುಡುಕೋಕೆ ಯಾವುದು ವಾಸಿ: ಕಂಪನಿಯದ್ದೋ, ಸರ್ಕಾರದ್ದೋ?

ದಾವಣಗೆರೆಯ ಸುತ್ತಮುತ್ತಲಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಅವರ ಹಳೇ ಸದಸ್ಯರ ಪಟ್ಟಿಗಳೆಲ್ಲ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ, ಅದರದ್ದೇ ಫಾಂಟಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ದಾವಣಗೆರೆ ಅನ್ನೋ ಹೆಸರೇ ಒಂದು ಝಡ್, ನೆತ್ತಿ ಮೇಲೆ ಓರೆಗೆರೆ ಇರುವ ಒಂದು ಎ, ಹೀಗೆ ಶುರುವಾಗುತ್ತದೆ. ಇದನ್ನು ಎಲ್ಲ ಕಂಪ್ಯೂಟರಲ್ಲೂ ಓದೋಕೆ ಬರುವ ಯೂನಿಕೋಡ್‌ಗೆ ತಿರುಗಿಸುವ ಕೋಡನ್ನು ಯಾರಾದರೂ ಬರೆದೇ ಇರುತ್ತಾರೆ, ಅಲ್ವಾ? ಹುಡುಕಿದೆ.

ಹುಡುಕಾಟದ ಮಟ್ಟಿಗೆ, ಜನ ತಾವು ಬರೆದ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಸಾಟಿಯಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಕೊಟ್ಟು ಕೊಂಡಿತಲ್ಲ, ಅದೇ. 2023ರಲ್ಲಿ ಬಂದ ಹೊಸ ಕೋಡ್ ಸರ್ಚ್‌ನಲ್ಲಿ ಫೈಲಿನ ಒಳಗಿನ ಸಾಲೂ ಸಿಗುತ್ತದೆ, ಲಾಗಿನ್ ಆಗಿರಬೇಕು ಅಷ್ಟೇ. ನುಡಿ ಕನ್ವರ್ಟರ್‌ಗಳೂ ಸಿಕ್ಕವು. ಆದರೆ ಸಿಕ್ಕಿದ್ದೆಲ್ಲ ಕೆಲಸಕ್ಕೆ ಬರಲ್ಲ. ನನ್ನ ಪರೀಕ್ಷೆ ಒಂದೇ ಪದ: ಕರ್ನಾಟಕ. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಲ್ಲಿ ಆ ‘ರ್’ ಅಕ್ಷರಕ್ಕಿಂತ ಮೊದಲು ಬರಬೇಕು. ಇದನ್ನು ನೋಡಿಕೊಳ್ಳದ ಕೋಡ್ ‘ಕನಾರ್ಟಕ’ ಅಂತ ಉಗುಳುತ್ತದೆ. ಎಷ್ಟು ವೆಬ್‌ಸೈಟುಗಳಲ್ಲಿ ಈ ಕನಾರ್ಟಕ ನೋಡಿಲ್ಲ ನಾವು!

ಇನ್ನೊಂದು ತಲೆನೋವು ಲೈಸೆನ್ಸ್, ಅಂದರೆ ಬೇರೆಯವರು ಬಳಸೋಕೆ ಬರೆದವರು ಕೊಡುವ ಅನುಮತಿ. ಪಾಸಾದ ಕೋಡ್‌ನಲ್ಲಿ ಲೈಸೆನ್ಸ್ ಫೈಲೇ ಇಲ್ಲ ಅಂದರೆ ಅದು ಬರೆದವರ ಸ್ವತ್ತು. ನೋಡಬಹುದು, ಫೋರ್ಕ್ (ಗಿಟ್‌ಹಬ್ ಒಳಗೇ ನಮ್ಮದೊಂದು ನಕಲು) ಮಾಡಬಹುದು, ಸುಮ್ನೆ ಎತ್ತಿಕೊಂಡು ಗಿರಾಕಿಗೆ ಮಾರೋ ಹಾಗಿಲ್ಲ. ಗಿಟ್‌ಹಬ್‌ನಲ್ಲಿ ಲೈಸೆನ್ಸ್ ಪ್ರಕಾರ ಸೋಸೋ ಸೌಲಭ್ಯ ಇದೆ, ಆದರೆ ಸೋಸುವ ಕೆಲಸ ನಮ್ಮದೇ.

ಸರ್ಕಾರಿ ಕಡೆ? ಇಲಾಖೆಗಳ ಸಾಫ್ಟ್‌ವೇರ್ ಸೋರ್ಸ್ ಕೋಡನ್ನು ಬೇರೆಯವರೂ ಬಳಸಲಿ ಅಂತ ಕೇಂದ್ರ 2015ರಲ್ಲೇ ನೀತಿ ತಂದಿತು, ಅದಕ್ಕೆಂದೇ ಓಪನ್‌ಫೋರ್ಜ್ ಅನ್ನೋ ಸರ್ಕಾರಿ ತಾಣ ಇದೆ. ಅದು ಇ-ಆಡಳಿತದ ದೊಡ್ಡ ಪ್ರಾಜೆಕ್ಟ್‌ಗಳಿಗೆ. ನನ್ನಂಥವರ ಚಿಲ್ಲರೆ ಕೆಲಸಕ್ಕೆ ಅದಲ್ಲ. ಇನ್ನೊಂದು ಸರ್ಕಾರಿ ಪೋರ್ಟಲ್, ಹೆಸರು ಬೇಡ, ಒಟಿಪಿ ಬರುವಷ್ಟರಲ್ಲಿ ಸೆಷನ್ ಮುಗಿದಿತ್ತು.

ಇಟಲಿಯವರದ್ದು ನೋಡಿ ಹೊಟ್ಟೆ ಉರಿಯಿತು. ಅಲ್ಲಿ ಸರ್ಕಾರಿ ಕಚೇರಿ ತನ್ನ ಸ್ವಂತ ಸಾಫ್ಟ್‌ವೇರನ್ನು ಮುಕ್ತ ಲೈಸೆನ್ಸ್‌ನಲ್ಲಿ ಹೊರಗಿಡಬೇಕು ಅಂತ ಕಾನೂನೇ ಇದೆ. ಅಂಥ ಸಾಫ್ಟ್‌ವೇರುಗಳ ಸರ್ಕಾರಿ ತಾಣ ಡೆವಲಪರ್ಸ್ ಇಟಾಲಿಯಾದ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಲೈಸೆನ್ಸ್ ಯಾವುದು, ಈಗ ನೋಡಿಕೊಳ್ಳುತ್ತಿರುವವರು ಯಾರು ಅಂತ ಬರೆದಿರುತ್ತದೆ. ಮಾಲು ಕಡಿಮೆ, ಆದರೆ ತೂಕ ಹಾಕಿ ಚೀಟಿ ಅಂಟಿಸಿಟ್ಟ ಮಾಲು.

ಸಾರ್ವಜನಿಕ ದುಡ್ಡಿನಲ್ಲಿ ನಡೆಯೋದರಲ್ಲಿ ನಿಜವಾಗಿ ಮೆಚ್ಚಿದ್ದು ಸಾಫ್ಟ್‌ವೇರ್ ಹೆರಿಟೇಜ್, ಬೇರೆ ಬೇರೆ ತಾಣಗಳ ಕೋಡನ್ನು ನಕಲು ಮಾಡಿ ಕಾಪಾಡುವ ಸಂಗ್ರಹ. ಫ್ರಾನ್ಸಿನ ಸರ್ಕಾರಿ ಸಂಶೋಧನಾ ಸಂಸ್ಥೆ ಇನ್ರಿಯಾ 2016ರಲ್ಲಿ ಶುರು ಮಾಡಿದ್ದು, ಯುನೆಸ್ಕೋ ಜೊತೆಗಿದೆ. ಹುಡುಕೋಕೆ ಗಿಟ್‌ಹಬ್‌ನಷ್ಟು ಸಲೀಸಲ್ಲ, ಹಳೇ ವಿಳಾಸ ಗೊತ್ತಿದ್ದರೆ ಒಳ್ಳೆಯದು. ಆದರೆ ಕಂಪನಿ ಅಂಗಡಿ ಮುಚ್ಚಿದ ಮೇಲೆ ನೆನಪಾಗೋದು ಇದೇ. ಗೂಗಲ್ ತನ್ನ ಕೋಡ್ ಸರ್ಚನ್ನು 2012ರಲ್ಲಿ, ಕೋಡ್ ಇಡುವ ತಾಣ ಗೂಗಲ್ ಕೋಡನ್ನು 2016ರಲ್ಲಿ ಮುಚ್ಚಿತು. ಅಂಥದ್ದೇ ತಾಣ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಒಂದು ವ್ಯವಸ್ಥೆ) ಕೈಬಿಟ್ಟಾಗ ಅಲ್ಲಿದ್ದ ಎಷ್ಟೋ ಕೋಡ್ ಹೆರಿಟೇಜ್‌ನವರ ಸಂಗ್ರಹದಲ್ಲಿ ಉಳಿಯಿತು.

ಹಾಗಾಗಿ ನನ್ನ ಲೆಕ್ಕ: ಹುಡುಕೋದು ಗಿಟ್‌ಹಬ್‌ನಲ್ಲಿ, ಕೊಂಡಿ ಸತ್ತಿದ್ದರೆ ಹೆರಿಟೇಜ್‌ನಲ್ಲಿ. ನಮ್ಮ ಇ-ಆಡಳಿತ ಇಲಾಖೆಯವರು ಕನ್ನಡದ ಇಂಥ ಸಣ್ಣ ಕೋಡ್‌ಗಳಿಗೆ ಒಂದು ಪಟ್ಟಿ ಮಾಡಿ, ಲೈಸೆನ್ಸ್ ಸಮೇತ ಹಾಕಿದರೆ ಗಿಟ್‌ಹಬ್ ಗೊಡವೆಯೇ ಬೇಡ. ಅಲ್ಲಿವರೆಗೆ, ನುಡಿಯಂಥದ್ದೇ ಇನ್ನೊಂದು ಟೈಪಿಂಗ್ ಸಾಫ್ಟ್‌ವೇರ್ ‘ಬರಹ’ದ ಹಳೇ ಫೈಲುಗಳಿಗೆ ಕರ್ನಾಟಕ ಪರೀಕ್ಷೆ ಪಾಸಾದ, ಲೈಸೆನ್ಸ್ ಇರುವ ಕನ್ವರ್ಟರ್ ಗೊತ್ತಿದ್ದವರು ಕೆಳಗೆ ಹಾಕಿ. ಮುಂದಿನ ಸಂಘದ ಪಟ್ಟಿ ಬರಹದಲ್ಲಿದೆ.