ಕ್ರೀಡಾ ಇಂಟರ್ನ್‌ಶಿಪ್: ಜಿಲ್ಲಾ ಪತ್ರಿಕೆಯೋ, ಬೆಂಗಳೂರು ಡೆಸ್ಕೋ, ವೆಬ್‌ಸೈಟೋ?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಪದೇಪದೇ ಕೇಳುವ ಪ್ರಶ್ನೆ ಇದು: ಕ್ರೀಡಾ ವರದಿಗಾರ ಆಗಬೇಕು, ಇಂಟರ್ನ್‌ಶಿಪ್‌ಗೆ ಎಲ್ಲಿ ಅರ್ಜಿ ಹಾಕಲಿ? ಶಿವಮೊಗ್ಗದ ಒಂದು ಜಿಲ್ಲಾ ದಿನಪತ್ರಿಕೆ, ಬೆಂಗಳೂರಿನ ಒಂದು ರಾಜ್ಯಮಟ್ಟದ ಪತ್ರಿಕೆಯ ಕ್ರೀಡಾ ಡೆಸ್ಕ್ (ಸುದ್ದಿ ತಿದ್ದಿ ಪುಟಕ್ಕೆ ಸಿದ್ಧ ಮಾಡುವ ವಿಭಾಗ), ಮನೆಯಿಂದಲೇ ಬರೆಯುವ ಒಂದು ಕ್ರೀಡಾ ವೆಬ್‌ಸೈಟ್ ಮೂರಕ್ಕೂ ಅರ್ಜಿ ಹಾಕಿ, ಮೂರರಲ್ಲೂ ಕೆಲಸ ಮಾಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಜಿಲ್ಲಾ ಪತ್ರಿಕೆಯಿಂದ ಶುರು ಮಾಡಿ. ಬೆಂಗಳೂರು ಆಮೇಲೆ.

ಜಿಲ್ಲಾ ಪತ್ರಿಕೆಗಳು ಇಂಟರ್ನ್ ಬೇಕು ಎಂದು ಜಾಹೀರಾತು ಕೊಡುವುದು ಕಡಿಮೆ. ಇಮೇಲ್ ಕಳಿಸಿ ಕಾಯುತ್ತಾ ಕೂತರೆ ಕೆಲಸ ಆಗಲ್ಲ, ಕಚೇರಿಗೇ ಹೋಗಬೇಕು. ಬೆಳಗ್ಗೆ ವರದಿಗಾರರು ಹೊರಗಿರುತ್ತಾರೆ, ಸಂಜೆ ಪುಟ ಕಟ್ಟುವ ಗಡಿಬಿಡಿ. ಮಧ್ಯಾಹ್ನದ ಊಟ ಮುಗಿದ ಹೊತ್ತು ಒಳ್ಳೆಯದು. ಕಾಲೇಜಿನ ಪತ್ರ ಕೈಯಲ್ಲಿರಲಿ. ಸಂಪಾದಕರು ನನ್ನ ಬಯೋಡೇಟಾ ತೆರೆದೂ ನೋಡಲಿಲ್ಲ. ‘ನೆಹರು ಸ್ಟೇಡಿಯಂನಲ್ಲಿ ಕೊಕ್ಕೊ ನಡೀತಿದೆ, ಹೋಗಿ ಬಾರಪ್ಪ. ಆರು ಗಂಟೆಗೆ ಕಾಪಿ ಕೊಡು’ ಎಂದರು. ಕಾಪಿ ಅಂದರೆ ಬರೆದ ವರದಿ. ಅದೇ ಪರೀಕ್ಷೆ, ಅದೇ ಸಂದರ್ಶನ.

ಕೊಕ್ಕೊ ವರದಿ ಮಾಡಲು ಕೂತಾಗಲೇ ಗೊತ್ತಾಗುವುದು ಈ ಕೆಲಸ ಎಷ್ಟು ಕಷ್ಟ ಅಂತ. ಓಡುವ ತಂಡ ಮೂವರಂತೆ ಅಂಕಣಕ್ಕೆ ಇಳಿಯುತ್ತದೆ. ಯಾರು ಎಷ್ಟು ಹೊತ್ತು ಔಟಾಗದೆ ಉಳಿದರು ಎಂಬುದರಲ್ಲೇ ಪಂದ್ಯದ ಕಥೆ ಇರುತ್ತದೆ. ಶಾಲಾ ಮಕ್ಕಳ ಪಂದ್ಯದಲ್ಲಿ ಎಷ್ಟೋ ಸಲ ಬೆನ್ನ ಮೇಲೆ ನಂಬರ್ ಇರುವುದಿಲ್ಲ. ಸ್ಕೋರ್‌ಶೀಟ್ ಬರೆಯುವವರ ಟೇಬಲ್ ಪಕ್ಕ ನಿಂತು, ಸಮಯ ಗುರುತು ಹಾಕಿಕೊಂಡು, ಪಂದ್ಯ ಮುಗಿದ ತಕ್ಷಣ ದೈಹಿಕ ಶಿಕ್ಷಕರನ್ನು ಹಿಡಿದು ಹೆಸರು, ಇನಿಷಿಯಲ್, ಊರು ಕೇಳಬೇಕು. ಒಂದು ಹೆಸರು ತಪ್ಪಿದರೂ ಮರುದಿನ ಮೇಷ್ಟ್ರ ಫೋನ್ ಬರುತ್ತದೆ. ಬರಲೇಬೇಕು. ಆಡಿದ ಹುಡುಗಿಯ ಮನೆಯವರು ಪೇಪರ್ ಕತ್ತರಿಸಿ ಇಟ್ಟುಕೊಳ್ಳುವ ಸುದ್ದಿ ಅದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನಲ್ಲಿ ಭಾರತದ ಪುರುಷರು, ಮಹಿಳೆಯರು ಇಬ್ಬರೂ ಕಪ್ ಗೆದ್ದರು. ಮಹಿಳೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಇಂಥ ಆಟಗಾರ್ತಿಯರು ಬೆಳೆಯುವುದು ತಾಲ್ಲೂಕು ಕೂಟಗಳಲ್ಲೇ. ಅಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುವವರು ಜಿಲ್ಲಾ ಪತ್ರಿಕೆಯವರು ಮಾತ್ರ.

ಕೊರತೆಯೂ ಇದೆ. ನನಗೆ ಸಂಬಳ ಇರಲಿಲ್ಲ, ಪೆಟ್ರೋಲ್ ಖರ್ಚೂ ನನ್ನದೇ. ಕ್ರೀಡೆ ಇಲ್ಲದ ದಿನ ಪತ್ರಿಕಾಗೋಷ್ಠಿಗೆ ಕಳಿಸುತ್ತಿದ್ದರು. ಕಾಪಿಯಲ್ಲಿ ಏನು ಸರಿ ಇಲ್ಲ ಎಂದು ಕೂತು ತಿಳಿಸಿಕೊಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಆ ಕಲಿಕೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಅಲ್ಲಿ ಅರ್ಜಿ ಅಂದರೆ ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ ಇಮೇಲ್, ಆಮೇಲೆ ಒಂದು ಪರೀಕ್ಷೆ. ಸುದ್ದಿ ಸಂಸ್ಥೆ ಪಿಟಿಐ ಕಳಿಸಿದ ಉದ್ದನೆಯ ಇಂಗ್ಲಿಷ್ ಕಾಪಿ ಕೊಟ್ಟು, ಅದನ್ನು 150 ಪದದ ಕನ್ನಡ ಸುದ್ದಿ ಮಾಡಿ, ಹೆಡ್‌ಲೈನ್ ಕೊಡಿ ಎಂದರು. ಇಡೀ ಇಂಟರ್ನ್‌ಶಿಪ್‌ನ ಕೆಲಸವೂ ಹೆಚ್ಚುಕಡಿಮೆ ಅದೇ. ಹಿರಿಯ ಉಪಸಂಪಾದಕರೊಬ್ಬರು ನನ್ನ ಪ್ರತಿ ಕಾಪಿಯ ಮೊದಲ ವಾಕ್ಯವನ್ನು ಎದುರಿಗೇ ತಿದ್ದುತ್ತಿದ್ದರು. ‘ಯಾರು ಗೆದ್ದರು ಅಂತ ಮೂರನೇ ಸಾಲಿನಲ್ಲಿ ಯಾಕಿದೆ?’ ಎಂದು ಅವರು ಕೇಳಿದ್ದು ಇವತ್ತಿಗೂ ಬರೆಯುವಾಗ ಕಿವಿಯಲ್ಲಿದೆ. ದೂರದ ಊರುಗಳ ಆವೃತ್ತಿ ಮೊದಲು ಅಚ್ಚಿಗೆ ಹೋಗುತ್ತದೆ. ರಾತ್ರಿ ತಡವಾಗಿ ಮುಗಿದ ಪಂದ್ಯದ ಫಲಿತಾಂಶ ತೀರ್ಥಹಳ್ಳಿಯ ಪೇಪರ್‌ನಲ್ಲಿ ಯಾಕೆ ಇರುವುದಿಲ್ಲ ಎಂಬುದು ಅಲ್ಲಿ ಅರ್ಥವಾಯಿತು.

ಆದರೆ ಕುರ್ಚಿ ಬಿಟ್ಟು ಏಳಲು ಆಗುತ್ತಿರಲಿಲ್ಲ. ಚಿನ್ನಸ್ವಾಮಿ, ಕಂಠೀರವ ಎರಡೂ ಕಚೇರಿಯಿಂದ ಹತ್ತಿರವೇ ಇದ್ದವು. ಪಂದ್ಯಕ್ಕೆ ಹೋಗುತ್ತಿದ್ದವರು ಹಿರಿಯ ವರದಿಗಾರರು. ಪಿಜಿ ಬಾಡಿಗೆ, ರಾತ್ರಿ ಪಾಳಿ ಮುಗಿದ ಮೇಲೆ ಆಟೊ ಖರ್ಚು ಸೇರಿಸಿದರೆ ಊರಿಂದ ಬಂದವರಿಗೆ ಅದು ದುಬಾರಿ. ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಹೋಗಿ.

ಎರಡರ ವ್ಯತ್ಯಾಸಕ್ಕೆ ಒಂದು ಪಂದ್ಯವನ್ನೇ ನೋಡಿ. 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದ ನವುಲೆಯಲ್ಲಿರುವ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನದಲ್ಲಿ ಕರ್ನಾಟಕ–ಗೋವಾ ರಣಜಿ ಪಂದ್ಯ ನಡೆಯಿತು. ಕರುಣ್ ನಾಯರ್ ಅಜೇಯ 174 ಹೊಡೆದರು. ಆ ಅಂಕಿ ಡೆಸ್ಕ್‌ಗೆ ಕೂತಲ್ಲೇ ಸಿಗುತ್ತದೆ. ಪಿಚ್ ಯಾವ ಹೊತ್ತಿಗೆ ನಿಧಾನವಾಯಿತು, ನೋಡಲು ಬಂದ ಅಕಾಡೆಮಿ ಮಕ್ಕಳು ಯಾರ ಆಟ ನೋಡಿ ಏನು ಮಾತಾಡಿಕೊಂಡರು ಎಂಬುದು ಮೈದಾನದಲ್ಲಿ ಇದ್ದವರಿಗೆ ಮಾತ್ರ ಗೊತ್ತು.

ವೆಬ್‌ಸೈಟ್ ಬಗ್ಗೆ ಹೇಳುವುದು ಕಡಿಮೆ. ಆನ್‌ಲೈನ್ ಫಾರ್ಮ್ ತುಂಬಿ, ಒಂದು ಮಾದರಿ ಲೇಖನ ಕಳಿಸಿದರೆ ಬೇಗ ಉತ್ತರ ಬರುತ್ತದೆ. ಲೇಖನಕ್ಕೆ ಇಷ್ಟು ಅಂತ ದುಡ್ಡೂ ಕೊಟ್ಟರು, ಮೂರರಲ್ಲಿ ದುಡ್ಡು ಬಂದಿದ್ದು ಇಲ್ಲಿ ಮಾತ್ರ. ವೇಗ ಚೆನ್ನಾಗಿ ಕಲಿಯಬಹುದು. ಆದರೆ ನಾನು ಬರೆದದ್ದೆಲ್ಲ ಬೇರೆಯವರು ಬರೆದದ್ದನ್ನು ಓದಿ ಬರೆದದ್ದು. ಒಬ್ಬ ಆಟಗಾರನ ಜೊತೆಗೂ ಮಾತಾಡಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಲೈವ್ ಅಪ್‌ಡೇಟ್ ಒಪ್ಪಿಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಇನ್ನು, ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ ದುಡ್ಡು ಕೇಳುವವರೂ ಇದ್ದಾರೆ. ಅಂಥವರಿಗೆ ಉತ್ತರವನ್ನೇ ಕೊಡಬೇಡಿ.

ಅರ್ಜಿಯಲ್ಲಿ ‘ಕ್ರಿಕೆಟ್ ನನ್ನ ಉಸಿರು’ ಎಂದು ಬರೆಯಬೇಡಿ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಬಗ್ಗೆ ನಮಗೆಲ್ಲ ಹೆಮ್ಮೆ, ನಿಜ. ಆದರೆ ಶಿವಮೊಗ್ಗದ ಕಡೆಯವರ ಅರ್ಜಿಯಲ್ಲಿ ಸಂಪಾದಕರು ಆ ಮಾತನ್ನು ಸಾಕಷ್ಟು ಓದಿರುತ್ತಾರೆ. ಅದರ ಬದಲು ಹೊಸನಗರದ ಹೊನಲು ಬೆಳಕಿನ ವಾಲಿಬಾಲ್, ಸಾಗರದ ಕಡೆಯ ಕೆಸರುಗದ್ದೆ ಓಟ, ಯಾವುದಾದರೂ ಒಂದಕ್ಕೆ ಹೋಗಿ ನೀವೇ ಬರೆದ ವರದಿ ಲಗತ್ತಿಸಿ. ಬೆಂಗಳೂರಿಗೆ ಕಳಿಸುವಾಗ ಅದೇ ವರದಿಯ 150 ಪದದ ರೂಪವನ್ನೂ ಜೊತೆಗಿಡಿ. ನನ್ನನ್ನು ಪರೀಕ್ಷೆಗೆ ಕರೆದದ್ದು ಜಿಲ್ಲಾ ಪತ್ರಿಕೆಯ ಕೊಕ್ಕೊ ವರದಿ ನೋಡಿ.

ಹೊತ್ತು ನೋಡಿ ಅರ್ಜಿ ಹಾಕುವುದೂ ಮುಖ್ಯ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಶುರುವಾಗುತ್ತವೆ. ಜಿಲ್ಲಾ ಪತ್ರಿಕೆಗೆ ಆಗ ಕೈ ಜಾಸ್ತಿ ಬೇಕು, ಹಾಗಾಗಿ ಜುಲೈಯಲ್ಲೇ ಹೋಗಿ ಕೇಳಿ. ಅಲ್ಲಿಯ ಕಟಿಂಗ್‌ಗಳು ಕೈಗೆ ಬಂದ ಮೇಲೆ ಬೆಂಗಳೂರಿಗೆ ಬರೆಯಿರಿ. ಎಲ್ಲೇ ಮಾಡಿದರೂ ಕೊನೆಯ ದಿನ ಬರುವಾಗ ಲೆಟರ್‌ಹೆಡ್ ಮೇಲೆ ತಾರೀಕು ಹಾಕಿದ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ. ಆಮೇಲೆ ಕಳಿಸುತ್ತೇವೆ ಎಂದರೆ ಸುಮ್ನೆ ಅಲೆಯಬೇಕಾಗುತ್ತದೆ.