ಬ್ರೇಕ್ ಫಿಟ್ಟಿಂಗ್: ಡಬಲ್ ಫ್ಲೇರ್ ಹಾಕೋದಾ, ಎಎನ್ ಹಾಕೋದಾ?

ಆಫ್‌ರೋಡ್ ಗಾಡಿಗೆ ಖರ್ಚು ಕಮ್ಮಿ ಆಗಬೇಕು ಅಂದ್ರೆ 45 ಡಿಗ್ರಿ ಕೋನದ ಡಬಲ್ ಫ್ಲೇರ್ (ಬ್ರೇಕ್ ಪೈಪಿನ ತುದಿಯನ್ನು ಅಗಲಿಸಿ ನಟ್ಟಿನಿಂದ ಬಿಗಿಯುವ ಜೋಡಣೆ) ಸಾಕು. ನಟ್ಟು ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಪೈಪಿನ ತುದಿಯನ್ನು ಎರಡು ಪದರ ಮಡಚಬೇಕು, ಕೈ ಪಳಗಿರಬೇಕು. ನಿಕಲ್-ತಾಮ್ರದ ಪೈಪಾದರೆ ಕೆಲಸ ಹಗುರ.

37 ಡಿಗ್ರಿ ಕೋನದ ಎಎನ್ (ಆರ್ಮಿ-ನೇವಿ ಮಾದರಿಯ ಫಿಟ್ಟಿಂಗ್) ದುಬಾರಿ. ಪದೇ ಪದೇ ಬಿಚ್ಚಿ ಹಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆಕ್ಸಲ್ ಜಾಸ್ತಿ ಆಡುವ ಕಡೆ ಸ್ಟೀಲ್ ಹೆಣಿಗೆಯ ಹೋಸ್ ಜೊತೆ ಚೆನ್ನಾಗಿ ಹೊಂದುತ್ತದೆ. ಹೋಸ್ ಎಲ್ಲೂ ಉಜ್ಜದ ಹಾಗೆ ಕಟ್ಟಿ, ಆ ಹೆಣಿಗೆ ಗರಗಸದಂತೆ ಕೊರೆಯುತ್ತದೆ.

3/16 ಇಂಚಿನ ಪೈಪಿಗೆ ಎರಡರ ಥ್ರೆಡ್ಡೂ 3/8-24 (3/8 ಇಂಚು ವ್ಯಾಸ, ಇಂಚಿಗೆ 24 ಸುತ್ತು). ಹಾಗಾಗಿ ಒಂದರ ಥ್ರೆಡ್ಡು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಕೋನ ಬೇರೆ ಅಲ್ವಾ, ಪೆಡಲ್ ಒತ್ತಿದಾಗ ಸೋರುತ್ತದೆ. ಎರಡೂ ಬೇಕಿದ್ದರೆ ಮಧ್ಯೆ ಅಡಾಪ್ಟರ್ ಹಾಕಿ. ಕಂಪ್ರೆಷನ್ ಫಿಟ್ಟಿಂಗ್ (ಪೈಪಿನ ತುದಿ ಅಗಲಿಸದೆ ಉಂಗುರ ಒತ್ತಿ ಬಿಗಿಯುವಂಥದ್ದು) ಮಾತ್ರ ಬ್ರೇಕಿಗೆ ಬೇಡವೇ ಬೇಡ.