ನೇವೋಗೋ ಸ್ಕಿಫ್ಫೋ: ಎರಡರಲ್ಲೂ ಹುಟ್ಟು ಹಾಕಿ ನೋಡಿದೆ

‘ತರಕ್’ ಸಿನಿಮಾ ನೋಡಿ ಎದ್ದಾಗ ನನಗೆ ಒಂದೇ ಹಟ. ಆ ದೋಣಿಯಲ್ಲಿ ಒಮ್ಮೆಯಾದರೂ ಕೂತು ಹುಟ್ಟು ಹಾಕಬೇಕು. ಅದು 2022ರ ಐರಿಶ್ ಭಾಷೆಯ ಚಿತ್ರ, ನಿರ್ದೇಶಕ ಡೆಕ್ಲನ್ ರೆಕ್ಸ್. ಹೃದಯಾಘಾತವಾದ ಅಪ್ಪನಿಗಾಗಿ ಈಫಾ ಎನ್ನುವವಳು ಡಬ್ಲಿನ್ ಬಿಟ್ಟು ಐರ್ಲೆಂಡಿನ ನೈಋತ್ಯ ಕರಾವಳಿಯ ಕೆರಿ ಕೌಂಟಿಯ ತನ್ನೂರಿಗೆ ಬರುತ್ತಾಳೆ. ಅಲ್ಲಿನ ಹೆಂಗಸರ ತಂಡ ಸೇರಿ ದೋಣಿ ಪಂದ್ಯಕ್ಕೆ ಇಳಿಯುತ್ತಾಳೆ. ಈಫಾ ಆಗಿ ಕೆಲ್ಲಿ ಗಾಫ್, ಅಪ್ಪನಾಗಿ ಲೋರ್ಕನ್ ಕ್ರ್ಯಾನಿಚ್. ‘ತರಕ್’ ಅಂದರೆ ‘ಎಳೆ’, ಹುಟ್ಟನ್ನು ಎಳೆ ಅಂತ. ಅವರು ಎಳೆಯುವ ದೋಣಿಯ ಹೆಸರು ನೇವೋಗ್. ಐರ್ಲೆಂಡಿನ ಬೇರೆ ಕಡೆ ಕರಖ್ ಅನ್ನುವ ದೋಣಿಗೆ ಕೆರಿಯವರ ಹೆಸರು ಇದು.

ನಾನಿರುವುದು ಡಬ್ಲಿನ್‌ನಲ್ಲಿ. ಇಲ್ಲಿಯ ಕರಾವಳಿಯ ಪಂದ್ಯದ ದೋಣಿ ಬೇರೆ, ಅದು ಸ್ಕಿಫ್. ಹಾಗಾಗಿ ಒಂದು ಬೇಸಿಗೆ ಪೂರ್ತಿ ವಾರಕ್ಕೊಮ್ಮೆ ಸ್ಕಿಫ್ ಎಳೆದೆ. ಆಮೇಲೆ ಆಗಸ್ಟ್‌ನಲ್ಲಿ ರಜೆ ಹಾಕಿ ಕೆರಿಯ ಡಿಂಗಲ್ ಕಡೆ ಹೋಗಿ ನೇವೋಗ್ ಹತ್ತಿದೆ. ಯಾವುದರಲ್ಲಿ ಶುರು ಮಾಡಲಿ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡೂ ಸುಮಾರು 25 ಅಡಿ ಉದ್ದ. ಎರಡಕ್ಕೂ ಹುಟ್ಟು ಹಾಕಲು ನಾಲ್ಕು ಜನ. ಹೋಲಿಕೆ ಅಲ್ಲಿಗೆ ಮುಗಿಯಿತು.

ಸ್ಕಿಫ್ ಹಲಗೆಯ ದೋಣಿ. ಒಂದರ ಅಂಚಿನ ಮೇಲೆ ಇನ್ನೊಂದು ಹಲಗೆ ಕೂರಿಸಿ ಬಿಗಿದಿರುತ್ತಾರೆ. ತಳದಲ್ಲಿ ಉದ್ದಕ್ಕೂ ಏಣು ಇರುತ್ತದೆ, ಹಾಗಾಗಿ ನೇರ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೇ ಹುಟ್ಟು, ಎರಡೂ ಕೈಯಲ್ಲಿ ಹಿಡಿಯಬೇಕು. ಹಿಂಬದಿಯಲ್ಲಿ ಐದನೆಯವರೊಬ್ಬರು ಚುಕ್ಕಾಣಿ ಹಿಡಿದು ನಮ್ಮ ಕಡೆ ಮುಖ ಮಾಡಿ ಕೂತಿರುತ್ತಾರೆ. ‘ಈಗ ಎಳಿ, ಈಗ ನಿಲ್ಲಿಸು’ ಅಂತ ಹೇಳುತ್ತಲೇ ಇರುತ್ತಾರೆ. ಹೊಸಬರಿಗೆ ಇದು ದೊಡ್ಡ ಆಸರೆ. ಮೊದಲ ದಿನ ನನ್ನ ಹುಟ್ಟು ನೀರಲ್ಲಿ ಸಿಕ್ಕಿಕೊಂಡು ಹಿಡಿ ಎದೆಗೆ ಬಡಿಯಿತು. ಮಿಕ್ಕ ಮೂವರು ಎಳೆಯುತ್ತಲೇ ಇದ್ದರು. ದೋಣಿಗೆ ಏನೂ ಆಗಲಿಲ್ಲ.

ಇದರ ಹಿಂದಿನ ಕಥೆಯೂ ನನಗೆ ಇಷ್ಟ. ಹಾಯಿ ಹಡಗುಗಳ ಕಾಲದಲ್ಲಿ ಡಬ್ಲಿನ್ ಕೊಲ್ಲಿಗೆ ಹಡಗು ಬರುವುದು ಕಂಡರೆ ಸಾಕು, ಹಾಬ್ಲರ್ ಎನ್ನುವವರು ದೋಣಿ ಇಳಿಸುತ್ತಿದ್ದರು. ಮೊದಲು ಮುಟ್ಟಿದ ದೋಣಿಗೆ ಹಡಗನ್ನು ಬಂದರಿಗೆ ತರುವ ಕೆಲಸ. ಎರಡನೆಯವರಿಗೆ ಬರಿಗೈ. ಇಲ್ಲಿನ ಸ್ಕಿಫ್ ಪಂದ್ಯ ಆ ಹೊಟ್ಟೆಪಾಡಿನ ಓಟದಿಂದ ಬಂದದ್ದು.

ಈಗ ನೇವೋಗ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನನ್ನ ಮನಸ್ಸು ಇರುವುದು ಇಲ್ಲೇ.

ಇದಕ್ಕೆ ಹಲಗೆ ಮೈ ಇಲ್ಲ. ತೆಳು ಮರದ ಪಟ್ಟಿಗಳ ಹಂದರ, ಅದರ ಮೇಲೆ ಡಾಂಬರು ಬಳಿದ ಕ್ಯಾನ್ವಾಸ್ ಬಟ್ಟೆ, ಅಷ್ಟೆ. ಹಿಂದೆ ಬಟ್ಟೆಯ ಬದಲು ಚರ್ಮ ಇತ್ತು. ನೀರಿಗೆ ತರುವಾಗ ದೋಣಿಯನ್ನು ಕವುಚಿ, ಅದರೊಳಗೆ ತಲೆ ತೂರಿಸಿ, ಹೆಗಲ ಮೇಲೆ ಹೊತ್ತು ನಡೆಯಬೇಕು. ದೂರದಿಂದ ನೋಡಿದರೆ ದೊಡ್ಡ ಕಪ್ಪು ಜೀರುಂಡೆಗೆ ಮನುಷ್ಯರ ಕಾಲು ಬಂದ ಹಾಗೆ. ಒಳಗೆ ಕತ್ತಲೆ. ಕಾಣುವುದು ಮುಂದಿನವರ ಹಿಮ್ಮಡಿ ಮಾತ್ರ. ಬಿಸಿಲಿಗೆ ಕಾದ ಡಾಂಬರಿನ ವಾಸನೆ ಮೂಗಿಗೆ ಹೊಡೆದಾಗ ನಾನು ನಡೆಯುತ್ತಿದ್ದದ್ದು ಡಿಂಗಲ್‌ನಲ್ಲಲ್ಲ, ಆನೆಗೊಂದಿಯ ದಡದಲ್ಲಿ. ಅಲ್ಲಿ ಹರಿಗೋಲುಗಳನ್ನು ಬಂಡೆ ಮೇಲೆ ಕವುಚಿ ಹಾಕಿ ಡಾಂಬರು ಬಳಿಯುತ್ತಿದ್ದರು. ಅದೇ ವಾಸನೆ.

ಇದು ಸುಮ್ನೆ ಊರಿನ ನೆನಪಲ್ಲ. ಹರಿಗೋಲು ಮತ್ತು ನೇವೋಗ್ ಒಂದೇ ಜಾತಿಯ ದೋಣಿಗಳು: ಹಗುರ ಹಂದರ, ಮೇಲೊಂದು ತೊಗಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ನಮ್ಮ ಹರಿಗೋಲು ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ ಅಂತ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆಯೂ ಬರೆದರು, ಐರ್ಲೆಂಡಿನ ಕರಖ್ ಬಗ್ಗೆಯೂ ಬರೆದರು. ಹಂಪಿ ಆಗ ಮದ್ರಾಸಿಗೇ ಸೇರಿತ್ತು ಅಲ್ವಾ.

ಹತ್ತುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಸ್ಕಿಫ್‌ನಲ್ಲಿ ಧೈರ್ಯವಾಗಿ ಕಾಲಿಡಬಹುದು. ನೇವೋಗ್‌ನಲ್ಲಿ ಮರದ ಪಟ್ಟಿಯ ಮೇಲೆ ಮಾತ್ರ ಕಾಲಿಡಬೇಕು. ಪಟ್ಟಿಗಳ ನಡುವೆ ನಿಮ್ಮನ್ನೂ ಸಮುದ್ರವನ್ನೂ ಬೇರೆ ಮಾಡುವುದು ಬರೀ ಒಂದು ಬಟ್ಟೆ. ಇಂಥ ದೋಣಿಯಲ್ಲೇ ಡಿಂಗಲ್ ತೀರದಾಚೆಯ ಬ್ಲಾಸ್ಕೆಟ್ ದ್ವೀಪಗಳವರು ಮೀನು ಹಿಡಿದರು, ಕಾಲು ಕಟ್ಟಿದ ಕುರಿಗಳನ್ನು ಸಾಗಿಸಿದರು, ಸತ್ತವರನ್ನು ಮಣ್ಣು ಮಾಡಲು ಆಚೆ ದಡಕ್ಕೆ ತಂದರು. 1953ರಲ್ಲಿ ಅವುಗಳಲ್ಲಿ ದೊಡ್ಡ ದ್ವೀಪ ಖಾಲಿಯಾಗುವವರೆಗೂ ಅವರ ಬದುಕು ಇದರ ಮೇಲೇ ನಡೆಯಿತು.

ಇಲ್ಲಿ ಒಬ್ಬೊಬ್ಬರಿಗೆ ಎರಡೆರಡು ಹುಟ್ಟು. ತುದಿ ಅಗಲ ಇಲ್ಲ, ಉದ್ದಕ್ಕೂ ಸಪೂರ ಕೋಲಿನ ಹಾಗೆ. ‘ಇದರಲ್ಲಿ ನೀರು ಹೇಗೆ ತಳ್ಳೋದು’ ಅಂತ ಮೊದಲು ಅನುಮಾನ ಬಂತು. ಕೊಲ್ಲಿಯಿಂದ ಆಚೆ ಗಾಳಿ ಎದುರಾದಾಗ ಉತ್ತರ ಸಿಕ್ಕಿತು: ಸಪೂರ ಹುಟ್ಟನ್ನು ಗಾಳಿ ಹಿಡಿಯುವುದಿಲ್ಲ. ಹುಟ್ಟಿಗೆ ಒಂದು ಮರದ ತುಂಡು ಕೂಡಿಸಿ ತೂತು ಕೊರೆದಿರುತ್ತಾರೆ. ಆ ತೂತು ದೋಣಿಯ ಅಂಚಿನ ಗೂಟಕ್ಕೆ ಸೇರಿಕೊಳ್ಳುತ್ತದೆ. ಕೈ ಬಿಟ್ಟರೂ ಹುಟ್ಟು ಎಲ್ಲೂ ಹೋಗುವುದಿಲ್ಲ. ಬಲೆ ಎಳೆಯುವವನಿಗೆ ಎರಡು ಕೈಯೂ ಬೇಕಲ್ಲ! ಆದರೆ ಎರಡು ಹಿಡಿಗಳೂ ನಡುವೆ ಒಂದರ ಮೇಲೊಂದು ಬರುತ್ತವೆ. ಯಾವ ಕೈ ಮೇಲೆ, ಯಾವುದು ಕೆಳಗೆ ಅನ್ನುವುದನ್ನು ಮೈಗೆ ಕಲಿಸಬೇಕು. ಮೊದಲ ಹತ್ತು ನಿಮಿಷದಲ್ಲೇ ನನ್ನ ಎಡಗೈ ಗೆಣ್ಣಿನ ಚರ್ಮ ಕಿತ್ತು ಬಂತು.

ಸಿನಿಮಾ ನೋಡುವಾಗ ಇದೆಲ್ಲ ತೋಳಿನ ಬಲ ಅಂದುಕೊಂಡಿದ್ದೆ. ಅಲ್ಲ. ನೇವೋಗ್‌ನ ತಳದಲ್ಲಿ ಏಣು ಇಲ್ಲ, ಗಾಳಿಗೆ ಒಣಗಿದ ಎಲೆ ಹಾಗೆ ಪಕ್ಕಕ್ಕೆ ಜಾರುತ್ತದೆ. ಚುಕ್ಕಾಣಿ ಇಲ್ಲ, ಕೂಗಿ ಹೇಳುವವರಿಲ್ಲ. ಬಲಗೈ ಸ್ವಲ್ಪ ಜೋರಾದರೆ ಮೂತಿ ತಿರುಗಿತು ಅಂತಲೇ. ನಾನು ಜೋರು ಮಾಡಿದಷ್ಟೂ ಮಿಕ್ಕ ಮೂವರಿಗೆ ತೊಂದರೆ. ನನ್ನ ಹಿಂದೆ ಕೂತಿದ್ದ ವಯಸ್ಸಾದ ಹೆಂಗಸು ‘ಬೆನ್ನು ನೋಡು, ನೀರು ನೋಡಬೇಡ’ ಅಂದರು. ಮುಂದಿದ್ದವರ ಬೆನ್ನು ಬಾಗಿದಾಗ ಬಾಗಿದೆ, ಎದ್ದಾಗ ಎದ್ದೆ. ಒಂದು ಗಳಿಗೆಯಲ್ಲಿ ಎಂಟೂ ಹುಟ್ಟು ಒಟ್ಟಿಗೆ ಇಳಿದವು. ದೋಣಿ ಅಲೆಯನ್ನು ಸೀಳಲಿಲ್ಲ, ಹತ್ತಿ ಇಳಿಯಿತು. ಸ್ಕಿಫ್‌ನಲ್ಲಿ ಒಂದು ಬೇಸಿಗೆ ಕಳೆದರೂ ಆ ಹಗುರ ನನಗೆ ಸಿಕ್ಕಿರಲಿಲ್ಲ.

ಇನ್ನೊಂದು ಮಾತು. ದೋಣಿಯಲ್ಲಿ ಅವರು ತಮ್ಮತಮ್ಮಲ್ಲಿ ಆಡುತ್ತಿದ್ದದ್ದು ಐರಿಶ್. ನನಗಾಗಿ ಇಂಗ್ಲಿಷ್‌ಗೆ ಬಂದು, ಮತ್ತೆ ಐರಿಶ್‌ಗೆ ಹೋಗುತ್ತಿದ್ದರು. ಸಿನಿಮಾದ ಹೆಸರಾಗಿ ಕಲಿತ ಪದ ಅಲ್ಲಿ ಕೆಲಸದ ಪದವಾಗಿ ಕಿವಿಗೆ ಬಿದ್ದಾಗ ನನಗೆ ಕಣ್ಣು ತುಂಬಿತು. ಡಬ್ಲಿನ್‌ನಲ್ಲಿ ನನ್ನ ಕನ್ನಡ ಮನೆಯೊಳಗಷ್ಟೇ ಓಡಾಡುತ್ತದೆ. ಇಲ್ಲಿ ಒಂದು ಭಾಷೆ ಉಪ್ಪುನೀರಲ್ಲಿ ನೆನೆದುಕೊಂಡು ದುಡಿಯುತ್ತಿತ್ತು.

ಹಾಗಾದರೆ ಯಾವುದು? ನೀರು ಅಂದರೆ ಭಯ ಇದ್ದರೆ, ಅಥವಾ ಡಬ್ಲಿನ್ ಸುತ್ತಮುತ್ತ ಇದ್ದು ವಾರವಾರ ಹೋಗಬೇಕೆಂದಿದ್ದರೆ ಸ್ಕಿಫ್ ಹಿಡಿಯಿರಿ. ಅದು ತಪ್ಪನ್ನು ಸಹಿಸುತ್ತದೆ, ಬೇಗ ಜೊತೆಗಾರರನ್ನು ಕೊಡುತ್ತದೆ. ಆದರೆ ‘ತರಕ್’ ನೋಡಿ ನಿಮಗೂ ನನ್ನ ಹಾಗೇ ಆಸೆ ಹುಟ್ಟಿದ್ದರೆ ಸ್ಕಿಫ್‌ನಿಂದ ಅದು ತೀರುವುದಿಲ್ಲ. ಕೆರಿಗೇ ಹೋಗಬೇಕು. ಮೆತ್ತಗಿನ ಅಡಿಯ ಬೂಟು ಹಾಕಿ, ಉಂಗುರ ಇದ್ದರೆ ಬಿಚ್ಚಿಟ್ಟು ಹೋಗಿ.

ನಾನು ಸ್ಕಿಫ್ ಬಿಟ್ಟಿಲ್ಲ, ಪ್ರತಿ ಶನಿವಾರ ಹೋಗುತ್ತೇನೆ. ಮುಂದಿನ ಆಗಸ್ಟ್‌ಗೆ ಡಿಂಗಲ್‌ನಲ್ಲಿ ಎರಡು ವಾರಕ್ಕೆ ರೂಮು ಈಗಲೇ ಹಿಡಿದಿದ್ದೇನೆ.